ಬಾಟಲಿಗೆ ಜ್ವರ

ಮಂಡ್ಯದಲ್ಲೂ ಒಂದು ಚಳಿಗಾಲವೇ ಎಂದು
ನಗುವವರು ನಗಲಿ.
ಪುಷ್ಯದ ಬೆಳಗಿನ ಜಾವ ನಾಲೆಯ ಮೇಲೆ
ಹಾಲು ಉಕ್ಕಿದ ಹಾಗೆ ಮಂಜು ಏಳುವಾಗ
ಮೊದಲ ರೈಲಿಗೆ ಓಡುವ ನನ್ನ ಗಂಟಲಿಗೆ ಗೊತ್ತು
ಅದು ಚಳಿಯೋ ಅಲ್ಲವೋ.

ಅದಕ್ಕೇ ದೀಪಾವಳಿ ಕಳೆದ ಮೊದಲ ಭಾನುವಾರ
ಸಂತೆಯಲ್ಲಿ ಟೊಮೇಟೊ ಕೇಳುವವರಿಲ್ಲದೆ
ಕ್ರೇಟಿಗೆ ಎಂಬತ್ತಕ್ಕೆ ಇಳಿದಾಗ
ಎರಡು ಕ್ರೇಟು ಆಟೋಗೆ ಹಾಕಿಸಿಕೊಂಡು,
ಮೂರು ಕೇಜಿ ಕ್ಯಾರೆಟ್ಟು, ಮಣ್ಣು ಬಿಡದ ಬೀಟ್ರೂಟು,
ಒಂದು ಹಿಡಿ ಶುಂಠಿ,
ದೇವೀರಮ್ಮನ ಬಾಗಿಲು ತಟ್ಟುತ್ತೇನೆ.

ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ
ಕತ್ತರಿ, ಚಿಮಟ, ಬಟ್ಟೆ ಬೇಯಿಸಿದವಳು.
ಅಡುಗೆ ಬರುವುದಿಲ್ಲ. ಅವಳ ಸಾರು ನಾಯಿಯೂ ಮೂಸದು,
ಅವಳೇ ಹೇಳುವ ಮಾತು.
ಬೇಯಿಸುವುದು ಮಾತ್ರ ಬರುತ್ತದೆ.

"ಮೊದ್ಲು ಬಾಟ್ಲಿಗೆ ಜರ ಬರ್ಸು ಕನಮ್ಮಿ,
ಆಮ್ಯಾಕೆ ಅಣ್ಣಿನ ಮಾತು."
ಅಟ್ಟದಿಂದ ಇಳಿಯುತ್ತವೆ
ಗ್ಲೂಕೋಸಿನ ದಪ್ಪ ಗಾಜಿನ ಬಾಟಲಿಗಳು.
ಪ್ಲಾಸ್ಟಿಕ್ಕು ಬಂದ ವರ್ಷ ಗುಜರಿಗೆ ಹೊರಟಿದ್ದವು,
ಸೆರಗಿನಲ್ಲಿ ತಂದಳಂತೆ, ದಿನಕ್ಕೆ ಎರಡರಂತೆ.
ಮೈಮೇಲೆ ಇನ್ನೂ ಅಳತೆಯ ಗೆರೆ: ನೂರು, ಇನ್ನೂರು, ಮುನ್ನೂರು.
ಹಂಡೆಯ ತಳಕ್ಕೆ ಗೋಣಿತಾಟು ಹಾಸಿ ನಿಲ್ಲಿಸಿದರೆ
ಕುದಿವ ನೀರಲ್ಲಿ ಹಲ್ಲು ಕಡಿಯುತ್ತವೆ ಒಂದಕ್ಕೊಂದು.

ಈ ಕಡೆ ನನ್ನ ಒಲೆ.
ಟೊಮೇಟೊ ಸಿಪ್ಪೆ ಬಿಚ್ಚಿ ಸುರುಳಿ ಸುತ್ತುವುದು,
ಬೀಟ್ರೂಟು ಎಲ್ಲರನ್ನೂ ತನ್ನ ಬಣ್ಣಕ್ಕೆ ಎಳೆದುಕೊಳ್ಳುವುದು,
ಕ್ಯಾರೆಟ್ಟು ಕೊನೆಯವರೆಗೂ ಸೋಲೊಪ್ಪದಿರುವುದು.
ರವೆ ಜರಡಿಯಲ್ಲಿ ಸೌಟಿನ ಬೆನ್ನು ಒತ್ತಿ ಒತ್ತಿ
ಮೊಣಕೈವರೆಗೆ ಕೆಂಪು.
ಸೋಸಿದ್ದು ಮತ್ತೆ ಉಕ್ಕಬೇಕು. ಉಪ್ಪು. ನಿಂಬೆ.
"ಉಳಿ ಆಕು, ಉಳೀತದೆ."
ನಮ್ಮ ಸೀಮೆಯ ನಾಲಿಗೆಗೆ ಹಕಾರ ಭಾರ;
ಹುಳಿಯೂ ಉಳಿಯೇ, ಉಳಿಯುವುದೂ ಉಳಿಯೇ.

ಬಿಸಿಗೆ ಬಿಸಿ ಸುರಿದು, ಬಾಯಿಗೆ ಎರಡು ಬೆರಳು ಕಡಿಮೆ ತುಂಬಿ,
ರಬ್ಬರ್ ಬಿರಡೆ ಒತ್ತಿ, ಮತ್ತೆ ಹಂಡೆಗೆ.
ನಲವತ್ತು ನಿಮಿಷ.
ಅವಳು ಕಾಫಿಗೂ ಏಳುವುದಿಲ್ಲ.

ಆಮೇಲೆ ಹಳೆ ಸೀರೆಯ ತುಂಡಲ್ಲಿ
ಒಂದೊಂದನ್ನೂ ಸುತ್ತಿ, ತಲೆ ಮುಚ್ಚಿ,
ಗಾಳಿ ತಾಗದ ಮೂಲೆಯಲ್ಲಿ ಸಾಲಾಗಿ ಇಡುವಾಗ
ತುಟಿ ಮಾತ್ರ ಆಡುತ್ತದೆ, ಏನೋ ಎಣಿಕೆ.
ಇಪ್ಪತ್ತಾರೇ ಬಾಟಲಿ;
ಅವಳ ಎಣಿಕೆ ಅಲ್ಲಿಗೆ ನಿಲ್ಲುವುದಿಲ್ಲ.
ನಾನು ಕೇಳಿಲ್ಲ.

ಈ ವರ್ಷ ಹನ್ನೊಂದನೆಯ ದಿನ, ನಡುರಾತ್ರಿ,
ಒಂದು ಬಾಟಲಿ ಬಿರಡೆ ಉಗುಳಿತು.
ಗೋಡೆ, ಕ್ಯಾಲೆಂಡರು, ಇಸ್ತ್ರಿ ಮಾಡಿಟ್ಟ ನನ್ನ ಯೂನಿಫಾರಂ,
ಕೊಲೆಯಾದ ಹಾಗೆ.
ಬಿರಡೆಯನ್ನು ಬೈದೆ, ಬೀಟ್ರೂಟನ್ನು ಬೈದೆ,
ನಿಂಬೆ ಮಾರಿದವನ ವಂಶವನ್ನು ಬೈದೆ,
ಜಿಪುಣತನ ಮಾಡಿದ ನನ್ನ ಕೈಯೊಂದನ್ನು ಬಿಟ್ಟು.
ದೇವೀರಮ್ಮ ಬಂದು ಮೂಸಿದಳು.
ಒಳಗೆ ಮಿಕ್ಕಿದ್ದನ್ನು ಕರಿಬೇವಿನ ಬುಡಕ್ಕೂ ಸುರಿಯಗೊಡದೆ
ಗುಂಡಿ ತೋಡಿಸಿ ಮುಚ್ಚಿಸಿದಳು.
ಬಾಟಲಿ ತೊಳೆದು ಮತ್ತೆ ಬೇಯಿಸಿದಳು,
ಬರಿದೇ, ನಲವತ್ತು ನಿಮಿಷ.
"ಇದ್ರದ್ದೇನು ತೆಪ್ಪು," ಅಂದಳು.

ಈಗ ಪುಷ್ಯ.
ಕಬ್ಬಿನ ಲಾರಿಯ ಹೊಗೆ ಯಾವುದು ಮಂಜು ಯಾವುದು ತಿಳಿಯದ ಹೊತ್ತು.
ಬಿರಡೆ ಕೀಳುವಾಗ ಬಾಟಲಿ
ಒಮ್ಮೆ ಒಳಕ್ಕೆ ಉಸಿರೆಳೆಯುತ್ತದೆ.
ಆ ಸದ್ದಿಗೆಂದೇ ಗೋಡೆಯಾಚೆ
ಕೆಮ್ಮು ಹಿಡಿದುಕೊಂಡು ಎದ್ದಿರುತ್ತಾಳೆ.
ಮೆಣಸು ಕುಟ್ಟಿ, ಬಿಸಿ ಮಾಡಿ, ಎರಡು ಲೋಟ.
ಅವಳದನ್ನು ಕಿಟಕಿಯಲ್ಲಿಟ್ಟು ಓಡುತ್ತೇನೆ,
"ಇನ್ನು ಹದಿನೇಳು!"
ಬೆನ್ನ ಹಿಂದಿನಿಂದ ದಿನವೂ ಅದೇ ದೂರು:
ಉಪ್ಪು ಜಾಸ್ತಿ.