ಗೀರು

ಬಂಗಾರಪೇಟೆ ಸ್ಟೇಷನ್ನಿನ ಹೊರಗೆ
ಪಾನಿಪುರಿ ಗಾಡಿಯ ಪಕ್ಕ
ಗೊಬ್ಬರದ ಚೀಲ ಹಾಸಿ ಕೂರುತ್ತಿದ್ದ ಸಂದಾನಿ ಭಾಯಿ.
ಬಾಗಿಲು ಹಾಕಿದ ಬಾಡಿಗೆ ಅಂಗಡಿಗಳ ಡಿಸ್ಕು:
ಒಂದಕ್ಕೆ ಹತ್ತು, ಮೂರಕ್ಕೆ ಇಪ್ಪತ್ತೈದು,
ಓಡದಿದ್ದರೆ ಬದಲು, ಕಾಸು ವಾಪಸಿಲ್ಲ.

ನಮ್ಮ ಅಕ್ಕಯ್ಯತ್ತೆಗೆ ಲವ್ವು ಬೇಡ, ದೆವ್ವ ಬೇಡ,
ದೇವರೂ ಬೇಡ.
“ಕುರ್ಚಿ ಇರೋದು ಕೊಡಪ್ಪ” ಅನ್ನುತ್ತಿದ್ದಳು.
ಅವನಿಗೆ ಗೊತ್ತು. ಕವರಿನ ಮೇಲೆ
ಬಿಳಿ ಬಟ್ಟೆ, ಮೈಕು, ಕೆಂಪು ದೀಪದ ಕಾರು ಇದ್ದದ್ದನ್ನು
ರಬ್ಬರ್ ಬ್ಯಾಂಡ್ ಹಾಕಿ ಬೇರೆ ಇಡುತ್ತಿದ್ದ.

ಸಿನಿಮಾ ತೆಲುಗು. ಅದಕ್ಕೇನು,
ನಮ್ಮ ಕಡೆ ಬೈಯುವುದು ತೆಲುಗಲ್ಲಿ,
ಅರ್ಜಿ ಬರೆಯುವುದು ಕನ್ನಡದಲ್ಲಿ.
ವಿಧಾನಸಭೆಯಲ್ಲಿ ಮೈಕು ಹಾರಿದರೆ
ಅತ್ತೆ ಅವರೆಕಾಯಿ ಬಿಡಿಸುತ್ತಲೇ
“ಇವನಿಗೆ ಕೋರಂ ಇಲ್ಲ” ಅನ್ನುವಳು.
ಆ ಮಾತು ಅವಳಿಗೆ ಎಲ್ಲಿಂದ ಬಂತೆಂದು
ಕೇಳಲಿಲ್ಲ. ಹುಡುಗ ನಾನು,
ಫೈಟಿಗೆ ಕಾಯುತ್ತಿದ್ದೆ.

ಒಂದು ಡಿಸ್ಕು ಮಾತ್ರ ಒಂದೇ ಕಡೆ ನಿಲ್ಲುತ್ತಿತ್ತು.
ಮಂತ್ರಿ ರಾಜೀನಾಮೆಗೆ ಪೆನ್ನು ಎತ್ತಿದ್ದಾನೆ,
ಪೆನ್ನು ಕಾಗದ ಮುಟ್ಟುವ ಮೊದಲೇ
ಮುಖ ಚೌಕಚೌಕವಾಗಿ ಒಡೆದು
ಮೂಗು ಒಂದು ಕಡೆ, ಮೀಸೆ ಒಂದು ಕಡೆ,
“ನೇನು... ನೇನು... ನೇನು...”

ಪೇಸ್ಟು ತಿಕ್ಕಿದೆ. ಬಾಳೆಹಣ್ಣಿನ ಸಿಪ್ಪೆ ಉಜ್ಜಿದೆ.
ಅತ್ತೆ ಉಸಿರು ಊದಿ ಸೆರಗಲ್ಲಿ ಒರೆಸಿದಳು.
ನೇನು, ನೇನು.

ಆಗ ಹೇಳಿದಳು, ನನಗೋ ಟಿವಿಗೋ:
ಮೀಸಲು ಬಂದ ವರ್ಷ ನಿಲ್ಲಿಸಿದರಂತೆ ಅವಳನ್ನು.
ಪಂಚಾಯ್ತಿ ಅಧ್ಯಕ್ಷೆ, ಹನ್ನೊಂದು ತಿಂಗಳು.
ಸೈನು ಕಲಿಯಲು ಮೂರು ವಾರ,
ಮೈದುನನ ಮಗಳ ಸ್ಲೇಟು, ಅವಳದೇ ಬಳಪ.
ಕಲಿತ ಸೈನು ಮೊದಲು ಬಿದ್ದದ್ದು
ಎರಡು ಬೀದಿ ದೀಪಕ್ಕೆ. ಕೊನೆಗೆ ಬಿದ್ದದ್ದು
ಮೈದುನ ತಂದ ಖಾಲಿ ಹಾಳೆಯ ಕೆಳಗೆ.
“ಮೇಲೇನು ಬರೀತೀಯ ಅಂದೆ.
ಆಮೇಲೆ ಬರ್ಕೊಂತೀವಿ ಅತ್ಗೆ ಅಂದ.”

ಮುಂದಿನ ಶನಿವಾರ ಸಂದಾನಿ ಭಾಯಿ
ಅದೇ ಸಿನಿಮಾ, ಗೀರಿಲ್ಲದ್ದು, ಹುಡುಕಿ ಕೊಟ್ಟ.
ಮಂತ್ರಿ ಸೈನು ಹಾಕಿದ. ಹೊರಬಂದು ಕಾರು ಹತ್ತಿದ.
ಹಿಂದೆ ಪಿಟೀಲು. ಅಷ್ಟೆ.
ಅತ್ತೆ ಸೊಗಡಿನ ಕೈ ತೊಳೆಯಲು ಎದ್ದುಹೋದಳು.

ನೋಡಿ ಮುಗಿದ ಡಿಸ್ಕೆಲ್ಲ ಈಗ
ಸೀಬೆಗಿಡಗಳಲ್ಲಿ ದಾರಕ್ಕೆ ತೂಗುತ್ತಿವೆ.
ಗಾಳಿಗೆ ತಿರುಗಿ ಫಳಕ್ಕೆಂದಾಗ
ಗಿಳಿ ಏಳುತ್ತವೆ, ಎರಡು ಗಿಡ ದಾಟಿ ಕೂರುತ್ತವೆ;
ಅವಕ್ಕೂ ಗೊತ್ತಾಗಿದೆ
ಸರ್ಕಾರ ಎಷ್ಟು ದಿನ ಅಂತ.

ಗೀರು ಬಿದ್ದದ್ದು ತೋಟಕ್ಕೆ ಹೋಗಲಿಲ್ಲ.
ತಡವಾಗಿ ಕರೆಂಟು ಬಂದ ರಾತ್ರಿ
ನಡುಮನೆಯಿಂದ ಕೇಳುತ್ತದೆ
ನೇನು, ನೇನು,
ಮೇಲೆ ಅತ್ತೆಯ ದನಿ:
“ಹಾಕ್ಬೇಡ. ಮೊದ್ಲು ಬರೀಲಿ.”