ಗದ್ದ ಎತ್ತಿ ನೋಡುವವರು

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಬೆಲ್ಟಿನ ಮೇಲೆ ಹರಿವ ಕಾಫಿಬೀಜದಿಂದ
ಕಪ್ಪುಕಾಳು ಹೆಕ್ಕುತ್ತೇನೆ, ಹದಿನಾಲ್ಕು ವರ್ಷದಿಂದ.
ಉಳಿದವರು ತಲೆ ಬಗ್ಗಿಸಿ,
ನಾನು ಗದ್ದ ಎತ್ತಿ.
"ಏನು ಜಂಭ ಇವಳಿಗೆ" ಅಂದಿದ್ದ ಹೊಸ ಮೇಸ್ತ್ರಿ.
ಜಂಭವಲ್ಲ ಸ್ವಾಮಿ, ರೆಪ್ಪೆ.
ಅರ್ಧ ಇಳಿಸಿದ ಶಟರಿನ ಕೆಳಗೆ
ಬಗ್ಗಿ ನೋಡುತ್ತೀರಲ್ಲ, ಅಂಗಡಿ ತೆರೆದಿದೆಯೋ ಎಂದು,
ನಾನು ಒಳಗಿನಿಂದ ಹಾಗೆ ನೋಡುವುದು.

ನಿದ್ದೆ ಮಾಡುತ್ತಾಳೆಂದು ಶಾಲೆಯಲ್ಲಿ ಬೆತ್ತ.
ಹೆಣ್ಣು ನೋಡಲು ಬಂದವರು ಕೇಳಿದ್ದು,
ಹುಡುಗಿಗೆ ಎಚ್ಚರವಿದೆಯಾ.
ಕೊನೆಗೊಬ್ಬ ಲಾರಿ ಡ್ರೈವರ್, ಪೂವಯ್ಯ, ನಕ್ಕು ಒಪ್ಪಿದ:
"ರಾತ್ರಿಯಿಡೀ ಓಡಿಸುವವನ ಕಣ್ಣೂ ಹೀಗೇ."

ಚೋಂದಮ್ಮ ಹುಟ್ಟಿದ ದಿನ
ಮಗು ಕಣ್ಣು ಬಿಡಲಿ ಎಂದು ನರ್ಸು ಕಾದಳು.
ನಾನು ಕಾಯಲಿಲ್ಲ.

ಬಹಳ ಅಪರೂಪದ ಕಾಯಿಲೆ ಎಂದರು ಮಡಿಕೇರಿಯ ಡಾಕ್ಟರು.
ನಮ್ಮ ಮನೆಯಲ್ಲಿ ಮೂವರಲ್ಲಿ ಇಬ್ಬರು.

ಮೊದಲ ವರ್ಷ ಮೂಗಿನ ಪಕ್ಕದ ಮೂಲೆ ಬಿಡಿಸಿ ಹೊಲಿದರು,
ಮರುವರ್ಷ ರೆಪ್ಪೆ.
ನೇರಳೆ ಶಾಯಿಯಲ್ಲಿ ಚುಕ್ಕಿಯಿಟ್ಟರು,
ಹುಬ್ಬಿನ ಮೇಲೆ ಮೂರು, ಕಣ್ಣಂಚಿಗೆ ಎರಡು.
"ರಂಗೋಲಿಯಾ?" ಎಂದಳು ಇವಳು.
ತೊಡೆಯಿಂದ ಬಿಳಿ ಪೊರೆಯ ಪಟ್ಟಿ ತೆಗೆದು
ರೆಪ್ಪೆಯನ್ನು ಹಣೆಗೆ ತೂಗುಹಾಕುತ್ತಾರಂತೆ,
ಹುಬ್ಬು ಎತ್ತಿದರೆ ಕಣ್ಣು ಏಳುತ್ತದಂತೆ.
ಟ್ಯೂಬು ಸೀಳಿ ಲಾರಿಯ ಡೋರು ಕಟ್ಟಿದ ಹಾಗೆ, ಎಂದ ಪೂವಯ್ಯ.
ನನಗೆ ನಗು ಬರಲಿಲ್ಲ.
ಮೂರು ಗಂಟೆ ವರಾಂಡದಲ್ಲಿ ಕೂತು
ಅವನ ಅಂಗಿಯ ಗುಂಡಿ ಎಣಿಸಿದೆ.
ಒಂದು ಇರಲಿಲ್ಲ.

ಈಗ ಕುಂಞಿ ಕುಂಟುವುದಿಲ್ಲ. ಕಣ್ಣು ತೆರೆದಿದೆ.
ಕಡಂಬುಟ್ಟು, ಬಸ್ಸಿನ ಬೋರ್ಡು, ಪಕ್ಕದ ಮನೆ ನಾಯಿ,
ಎಲ್ಲದಕ್ಕೂ ಹುಬ್ಬು ಏರಿಸುತ್ತಾಳೆ,
ಎಲ್ಲವೂ ಆಶ್ಚರ್ಯ ಅನ್ನುವ ಹಾಗೆ.
ಮುಚ್ಚುವುದು ಮಾತ್ರ ಪೂರ್ತಿಯಾಗದು.
ನಿದ್ದೆಯಲ್ಲೂ ಬಿಳಿಗೆರೆಯೊಂದು ಉಳಿಯುತ್ತದೆ;
ಹಾಗೆ ಆಗುತ್ತದೆ, ಮುಲಾಮು ಹಚ್ಚಿ ಎಂದಿದ್ದಾರೆ,
ಅಕ್ಕಿಕಾಳಿನಷ್ಟು, ಕೆಳರೆಪ್ಪೆಯೊಳಗೆ.
ರಾತ್ರಿ ಎರಡು ಸಲ ಎದ್ದು,
ಬಲ್ಬಿನ ಕೆಳಗೆ ಗದ್ದ ಎತ್ತಿ,
ಹಚ್ಚುತ್ತೇನೆ.

"ನಿಮಗೂ ಮಾಡಬಹುದು, ವಯಸ್ಸೇನೂ ಮೀರಿಲ್ಲ" ಅಂದರು ಡಾಕ್ಟರು.
ರಜೆ ಸಿಗುವುದಿಲ್ಲ ಅಂದೆ.
ರಜೆ ಸಿಗುತ್ತದೆ.
ಇಷ್ಟು ವರ್ಷ ಈ ಸಂದಿಯಲ್ಲಿ ಕಂಡದ್ದೇ ನನ್ನ ಲೋಕ,
ಅದರ ಮೇಲರ್ಧದಲ್ಲಿ ಏನಿದೆಯೋ.

ನಿನ್ನೆ ಬೆಳಿಗ್ಗೆ ಒಲೆಯ ಹತ್ತಿರ ಬಂದು ನಿಂತಳು,
ಗದ್ದ ಕೆಳಗೆ, ನೋಟ ನೇರ,
ಮೊದಲ ಸಲ ನೋಡುವವಳಂತೆ ನನ್ನ ಮುಖ ನೋಡಿ
"ಅವ್ವಾ, ನೀನು ಏಳುವುದು ಯಾವಾಗ?"

ಹಾಲು ಉಕ್ಕಿದ್ದು
ಮೊದಲು ಕಂಡದ್ದು ಅವಳಿಗೇ.