ಮೂಲಗೇಣಿ ಎಂದು ಹುಡುಕಿದರೆ

ಕಾಲೇಜಿಗಿರುವುದು ಐದೇ ಲಾಗಿನ್ನು.
ನಾವು ಅರವತ್ತೆರಡು ಜನ.
ಪಾಸ್‌ವರ್ಡು ಕೀಬೋರ್ಡಿನ ಹೊಟ್ಟೆಗೆ ಅಂಟಿದೆ,
ಲೈಬ್ರರಿಯ ಸಜಿತೇಚ್ಚಿಯ ದುಂಡಕ್ಷರ;
ಕೊನೆಯದು ಸೊನ್ನೆಯೋ ಓ-ವೋ
ಎಂಬುದು ಈಗಲೂ ಇತ್ಯರ್ಥವಾಗದ ವ್ಯಾಜ್ಯ.

ಮಂಜೇಶ್ವರ ದಾಟುವ ರೈಲಿಗೆ
ಮಾನಿಟರು ಒಂದು ಗಳಿಗೆ ನಡುಗಿ ಸುಮ್ಮನಾಗುತ್ತದೆ.

ಶ್ಯಾನುಭಾಗ ವಕೀಲರು ಹೇಳಿದ್ದಿಷ್ಟು:
“ಬೀಫಾತುಮ್ಮನ ಕಾಗದ ಓದಿದವಳು ನೀನೇ ಅಲ್ಲವಾ,
ಮೂಲಗೇಣಿಯ ಮೇಲೆ ಮದ್ರಾಸಿನ ಹಳೇ ತೀರ್ಪು ಒಂದಾದರೂ ತಾ.
ಹೆದ್ದಾರಿಗೆ ಹನ್ನೊಂದು ಸೆಂಟು ಹೋಗಿದೆ.
ಒಡೆಯರ ಕಡೆಯವರು ಈಗ ಎದ್ದು ಕೂತಿದ್ದಾರೆ.
ದುಡ್ಡು ಯಾರಿಗೆ ಅಂತ ಸೋಮವಾರ ಹೇಳಬೇಕು.”

ಹೌದು, ಓದಿದ್ದೆ.
ಮೊಮ್ಮಕ್ಕಳಿಗೆ ಮಲಯಾಳ ಬರುತ್ತದೆ, ಅರಬಿ ಬರುತ್ತದೆ,
ಮನೆ ನಿಂತ ಕಾಗದದ ಕನ್ನಡ ಬರುವುದಿಲ್ಲ.
ಆಫೀಸಿನಲ್ಲಿ ನಾನೊಬ್ಬಳೇ ಹತ್ತರವರೆಗೆ ಕನ್ನಡದಲ್ಲಿ ಬಂದವಳು.
ಹಳೆಯ ಕೈಬರಹದ ಬಾಲ ಹಿಡಿದು ಹಿಡಿದು
ಒಂದೊಂದು ಸಾಲಿಗೆ ಒಂದೊಂದು ಚಾ ಆಯಿತು.

ಈಗ ಈ ಪೆಟ್ಟಿಗೆ.
ಉದ್ದನೆಯದು, ಬಿಳಿಯದು, ಒಳಗೆ ಮಿಟುಕುವ ಒಂದು ಗೀಟು.
ಇಂಗ್ಲಿಷಿನಲ್ಲೇ ಒತ್ತಿದೆ: ಎಂ ಯು ಎಲ್ ಜಿ ಇ ಎನ್ ಐ.
ಹದಿನೇಳು.
ಯು ತೆಗೆದು ಎರಡು ಓ ಇಟ್ಟೆ. ನಾಲ್ಕು, ಬೇರೆಯೇ ನಾಲ್ಕು.
ನಡುವೆ ಒಂದು ಎ ತುರುಕಿದೆ. ಒಂದು, ಅದೂ ಉಡುಪಿಯದು.
ಒಂದೇ ಗದ್ದೆಗೆ ಮೂರು ಕಾಲುದಾರಿ,
ಒಂದರಿಂದ ಇನ್ನೊಂದು ಕಾಣುವುದಿಲ್ಲ.

ಕುಮ್ಕಿ ಎಂದು ಹೊಡೆದರೆ
ಆನೆ ಬಂತು.
ಆಣೆ. ಕಾಡಾನೆ ಹಿಡಿಯುವ ಪಳಗಿದ ಆನೆ,
ಅರಣ್ಯ ಇಲಾಖೆ, ಸರಪಳಿಯ ಗಾಯ, ಮಾವುತನ ಪಿಂಚಣಿ,
ಮೂವತ್ತೊಂದು ತೀರ್ಪು ಸಾಲಾಗಿ ನಿಂತವು ಸೊಂಡಿಲು ಬೀಸುತ್ತ.
ಕುಮ್ಕಿ ಎಂದರೆ ನಮ್ಮಲ್ಲಿ ವರ್ಗದ ಅಂಚಿನಿಂದ ನೂರು ಗಜ ಗುಡ್ಡ,
ಸೊಪ್ಪು ಸವರುವ, ದನ ಬಿಡುವ ಹಕ್ಕು.
ಯಂತ್ರಕ್ಕೆ ಗಜ ಮಾತ್ರ ಕೇಳಿಸಿರಬೇಕು.
ಮಾವುತನ ಪಿಂಚಣಿಯನ್ನು ಪೂರ್ತಿ ಓದಿದೆ, ಸುಮ್ಮನೆ.
ಅವನು ಗೆದ್ದ. ತೀರಿಹೋದ ಮೇಲೆ.

ನಾಲ್ಕೂವರೆಗೆ, ಮೂರನೆಯ ಪುಟದ ತಳದಲ್ಲಿ, ಸಿಕ್ಕಿತು.
ದಕ್ಷಿಣ ಕೆನರಾ, ಕಾಸರಗೋಡು ತಾಲೂಕು, ಎರಡನೆಯ ಅಪೀಲು.
ಕೆಂಪು ಬಾವುಟವಿಲ್ಲ, ಅಂದರೆ ಇನ್ನೂ ಉಸಿರಿದೆ.
ತಳ್ಳಿಹಾಕಿದವರಿಲ್ಲ, ಎತ್ತಿಹಿಡಿದವರೂ ಇಲ್ಲ,
ಎಂಬತ್ತು ಚಿಲ್ಲರೆ ವರುಷದಲ್ಲಿ ನೆನೆದವರು: ಸೊನ್ನೆ.
(ಇದು ಓ ಅಲ್ಲ, ಖಂಡಿತ ಸೊನ್ನೆ.)
ವಾದಿ ಒಬ್ಬ ಹೆಂಗಸು. ಕೊರಪೊಳು ಎಂದಿರಬೇಕು ಹೆಸರು.
ಅಚ್ಚಾದದ್ದು ಕಾರ್ಪೊರಲ್.
ಗೇಣಿಯಕ್ಕಿ ಅಳೆದದ್ದು ಯಾವ ಸೇರಿನಲ್ಲಿ ಎಂದು
ನ್ಯಾಯಮೂರ್ತಿಗಳು ಎರಡು ಪುಟ ತಲೆ ಕೆರೆದುಕೊಂಡಿದ್ದಾರೆ.
ಆಮೇಲೆ, ಬಿಟ್ಟುಹೋದದ್ದು ನೆನಪಾದಂತೆ, ಒಂದು ಸಾಲು:
ದಸ್ತಾವೇಜು ಕೆನರೀಸ್ ಭಾಷೆಯಲ್ಲಿದೆ.
ಮೂಲವನ್ನು ಇಲ್ಲಿ ಅಚ್ಚು ಹಾಕಿಲ್ಲ.

ಫೋನಿನಲ್ಲಿ ಕನ್ನಡದಲ್ಲೇ ಬರೆದು
ಪೆಟ್ಟಿಗೆಗೆ ಸುರಿದೆ. ಮೂಲಗೇಣಿ.
ಏನೂ ಸಿಗಲಿಲ್ಲವಂತೆ.
ಕಾಗುಣಿತ ಇನ್ನೊಮ್ಮೆ ನೋಡಿಕೊಳ್ಳಬೇಕಂತೆ.
ಕಾಗುಣಿತ! ಶಂಕರಿ ಟೀಚರ ಮುಂದೆ
ಒಂದು ದೀರ್ಘ ತಪ್ಪಿದ್ದಕ್ಕೆ
ಇಡೀ ಮಧ್ಯಾಹ್ನ ನಿಂತಿದ್ದ ನನಗೆ.

“ಸಮಯಮಾಯಿ ಮೋಳೇ,” ಎಂದಳು ಸಜಿತೇಚ್ಚಿ.
ಬೆನ್ನ ಹಿಂದೆ ಮುಂದಿನವನ ಉಸಿರು.
ಪುಟಕ್ಕೆ ಎರಡು ರೂಪಾಯಿ, ಒಂಬತ್ತು ಪುಟ.

ಸೋಮವಾರ ವಿದ್ಯಾನಗರದ ಕೋರ್ಟಿನ ಮೆಟ್ಟಿಲಲ್ಲಿ
ಬೀಫಾತುಮ್ಮ ಹಾಳೆಗಳನ್ನು ಮಡಿಲಿಗೆ ತೆಗೆದುಕೊಂಡರು.
“ಗೆದ್ದಳಾ ಅವಳು?”
“ಅರ್ಧ. ಖರ್ಚು ಅವರವರದು.”
“ಯಾರ ಪೈಕಿ?”

ತೀರ್ಪಿನಲ್ಲಿ ಅದು ಇರಲಿಲ್ಲ.
ಚೆಕ್ಕುಬಂದಿ ಇತ್ತು, ಅದನ್ನೇ ಕನ್ನಡ ಮಾಡುತ್ತ ಹೋದೆ:
ಮೂಡಕ್ಕೆ ತೋಡು, ತೆಂಕಕ್ಕೆ ಸರಕಾರಿ ಗುಡ್ಡ,
ಪಡುವಕ್ಕೆ ಎರಡು ಕವಲೊಡೆದ ತಾಳೆಮರ.

“ನಿಲ್ಲಿಸು,” ಎಂದರು.
“ಎರಡು ಕವಲಿನ ತಾಳೆಯಾ?
ನಮ್ಮ ಆಚೆಮನೆಯವರೇ ಹಾಗಾದರೆ.”